ಗಾಡಿಯ ಕುಲುಕಾಟ

ಸೆಪ್ಟೆಂಬರ್ 14, ಶನಿವಾರ. ರಾಲಿನ್ಸ್, ವಯೋಮಿಂಗ್.

ಬೆಳಿಗ್ಗೆಯೂ ಅದೇ ಕುಲುಕಾಟ. ಕಾಂಕ್ರೀಟ್ ಹೆದ್ದಾರಿಯ ಚಪ್ಪಡಿಗಳ ಒಂದೊಂದು ಸಂದು ದಾಟುವಾಗಲೂ ಹಿಂದೆ ಕಟ್ಟಿದ, ನಾವು ಮಲಗುವ ಟ್ರೇಲರ್ ಜಗ್ಗಿ, ಟ್ರಕ್ಕಿನ ಮೂತಿ ಎದ್ದೆದ್ದು ಬೀಳುತ್ತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಲೊರೀನ್ ತುಟಿ ಕಚ್ಚಿ ಕೂತಿದ್ದಳು. ಕ್ಯಾನ್ಸರ್ ಅವಳ ಬೆನ್ನುಮೂಳೆಗೆ ಇಳಿದಿದೆ. ಒಮ್ಮೆ ಸಮುದ್ರ ನೋಡಬೇಕೆಂದಳು, ಹೊರಟೆವು. ಆರೆಗನ್ ಕರಾವಳಿ ಇನ್ನೂ ಸಾವಿರ ಮೈಲಿ ಇದೆ.

ಮಧ್ಯಾಹ್ನ ಗಾಡಿಗಳು ತಂಗುವ ಕ್ಯಾಂಪಿನಲ್ಲಿ, ಕುಲುಕಾಟ ತಗ್ಗಲೆಂದು ಟ್ರೇಲರಿನ ನೀರಿನ ಟ್ಯಾಂಕ್ ಖಾಲಿ ಮಾಡಿದೆ. ಸಾಮಾನನ್ನೆಲ್ಲ ಟ್ರೇಲರಿನ ಚಕ್ರಗಳ ನೇರಕ್ಕೆ ಸರಿಸಿದೆ. ಟ್ರಕ್ಕಿಗೆ ಟ್ರೇಲರ್ ಸೇರಿಸುವ ಕೊಂಡಿಯ ಸರಪಳಿಯನ್ನು, ಭಾರ ಸಮನಾಗಿ ಹಂಚಲೆಂದು, ಇನ್ನೊಂದು ಬಳೆಯಷ್ಟು ಬಿಗಿ ಮಾಡಿದೆ. ಶಾಕ್ ಅಬ್ಸಾರ್ಬರ್ ಹೋದ ವಾರವಷ್ಟೇ ಹೊಸದು ಹಾಕಿಸಿದ್ದು. ಪಕ್ಕದ ಗಾಡಿಯ ಟ್ವೈಲಾ ಮೂವತ್ತು ವರ್ಷ ಲಾರಿ ಓಡಿಸಿದವಳು. ಕೆಳಗೆ ತೂರಿ ನೋಡಿ, "ಎಲ್ಲಾ ಸರಿಯಾಗೇ ಮಾಡಿದ್ದೀಯಲ್ಲೋ ಮಾರಾಯ! ಇನ್ನೇನು, ರಸ್ತೆಗೇ ಹಾಸಿಗೆ ಹಾಸ್ತೀಯಾ?" ಎಂದು ನಕ್ಕಳು. ಪಾಪ, ಅವಳಿಗೆ ಲೊರೀನ್ ವಿಷಯ ಗೊತ್ತಿರಲಿಲ್ಲ.

ಸಂಜೆ ಟ್ರೇಲರ್ ಕಟ್ಟಿಕೊಂಡೇ ಲೊರೀನಳನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಕರೆದೊಯ್ದೆ. ಟ್ರಕ್ಕು ಒಂದು ಕುಲುಕೂ ಇಲ್ಲದೆ ನೀರಿನ ಮೇಲೆ ಜಾರಿದಂತೆ ಹೋಯಿತು. ಖುಷಿಯಿಂದ ಅವಳತ್ತ ತಿರುಗಿದರೆ ನೋವಿಗೆ ಮುಖವೆಲ್ಲ ಬೆವರು.

"ಗಾಡಿ ಚೆನ್ನಾಗಿದೆ ಡೆಲ್ಬರ್ಟ್. ಇನ್ನು ಅದನ್ನ ಬಿಚ್ಚೋಕೆ ಹೋಗ್ಬೇಡ. ರಿಪೇರಿ ಆಗದ್ದು ನನ್ನೊಳಗಿದೆ ಕಣೋ."

"ಮನೆಗೆ ವಾಪಸ್ ಹೋಗೋಣ್ವಾ?"

"ಮನೆಗೂ ಇದೇ ರಸ್ತೇಲೇ ಹೋಗ್ಬೇಕಲ್ಲ."

ಈಗ ಮಾತ್ರೆ ನುಂಗಿ ಮಲಗಿದ್ದಾಳೆ, ನಿದ್ದೆಯಲ್ಲೂ ನರಳುತ್ತಾಳೆ. ಇಷ್ಟು ದಿನ ಕೈಯಲ್ಲಿ ಸ್ಪ್ಯಾನರ್ ಆದರೂ ಇತ್ತು. ನಾಳೆ ನಾನು ಸರಿಮಾಡಬಹುದಾದ್ದು ಏನೂ ಉಳಿದಿಲ್ಲ. ಬೆಳಿಗ್ಗೆ ಎದ್ದು ಗಾಡಿಯನ್ನು ಯಾವ ಕಡೆಗೆ ತಿರುಗಿಸಬೇಕೋ, ಸಮುದ್ರಕ್ಕೋ ಮನೆಗೋ, ಗೊತ್ತಾಗುತ್ತಿಲ್ಲ.