ವಿಭೂತಿಯ ಕೆಳಗೆ ಏನಿತ್ತು, ಅಣ್ಣ?

ಅಣ್ಣಾ,

ಯಳಂದೂರಿನಿಂದ ನಿನ್ನ ತಂಗಿ ಗೌರಿ ಬರೆಯುತ್ತಿದ್ದೇನೆ. ‘ನಾವೆಲ್ಲ ಕ್ಷೇಮ’ ಎಂದು ಶುರು ಮಾಡಲು ಹೋದೆ, ಕೈ ನಿಂತಿತು. ಕ್ಷೇಮವೋ ಅಲ್ಲವೋ ನನಗೇ ಗೊತ್ತಿಲ್ಲ, ಮುಂದಿನ ವಾರ ಗೊತ್ತಾಗಬೇಕು. ನಿನ್ನ ಕ್ಷೇಮ ವಿಚಾರಿಸೋಣವೆಂದರೆ ನೀನು ಹೋಗಿಯೇ ಇಪ್ಪತ್ತು ವರ್ಷವಾಗುತ್ತ ಬಂತು. ಈ ಕಾಗದವನ್ನು ಯಾವ ಅಂಚೆಯವನು ನಿನಗೆ ತಲುಪಿಸುತ್ತಾನೆ? ಆದರೂ ಬರೆಯುತ್ತೇನೆ. ನನ್ನ ತಲೆಯಲ್ಲಿ ತುಂಬಿರುವ ಗೊಂದಲವೆಲ್ಲ ನಿನ್ನ ಮುಖದ್ದು. ಬೇರೆ ಯಾರನ್ನು ಕೇಳಲಿ?

ಮೊದಲು ನೀನು ಕೇಳದ ಸುದ್ದಿ ಹೇಳಿಬಿಡುತ್ತೇನೆ. ನೀನು ಹೋದ ಮರುವರ್ಷ ನನಗೊಬ್ಬಳು ಮಗಳು ಹುಟ್ಟಿದಳು. ಮಂಗಳ ಅಂತ ಹೆಸರು. ಸೂಲಗಿತ್ತಿ ಮಗುವನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದಳು, ಮತ್ತೆ ಒರೆಸಿದಳು, ಬಿಳುಪು ಹೋಗಲೇ ಇಲ್ಲ. ಕೂದಲು ಬಿಳಿ, ರೆಪ್ಪೆಯೂ ಬಿಳಿ. ನಮ್ಮ ಸೋದರತ್ತೆ, ನನ್ನ ಗಂಡನ ತಾಯಿ, ಬಗ್ಗಿ ನೋಡಿ, “ಅಯ್ಯೋ, ನಮ್ ಮಲ್ಲು ಬಂದವ್ನೆ ಕಣಮ್ಮಿ” ಎಂದು ಅಲ್ಲೇ ಕುಸಿದು ಕೂತರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ನಿನ್ನ ಹಾಗೆಯೇ ಅವಳಿಗೂ ಬಿಸಿಲಲ್ಲಿ ಕಣ್ಣು ಬಿಡಲಾಗುವುದಿಲ್ಲ. ಮುಂದಿನ ಬೆಂಚಿನಲ್ಲೇ ಕೂತು ಹಟ ಹಿಡಿದು ಹೈಸ್ಕೂಲು ಮುಗಿಸಿದಳು. ಈಗ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಬಾಯಿ ಮಾತ್ರ ನನ್ನದು, ಒಂದಕ್ಕೆ ಎರಡು ಆಡುತ್ತಾಳೆ.

ಮಧುವನಹಳ್ಳಿಯ ಹಿಪ್ಪುನೇರಳೆ ತೋಟದಲ್ಲಿ ನೀನು ಸೊಪ್ಪು ಕೊಯ್ಯುತ್ತಿದ್ದದ್ದು ಈಗ ದಿನವೂ ಕಣ್ಣಿಗೆ ಬರುತ್ತದೆ. ದಾರಿಯ ಹುಡುಗರು “ದೊರೆ ಬಂದ್ರು, ದೊರೆ ಬಂದ್ರು” ಎಂದು ಕೂಗಿದರೆ ನೀನು, “ಕಂದಾಯ ಕಟ್ಟಿದ್ದೀರೇನ್ರಲಾ?” ಎಂದು ಕುಡುಗೋಲು ಎತ್ತಿ ಅಟ್ಟಿಸಿಕೊಂಡು ಹೋಗುತ್ತಿದ್ದೆ. ಅಪ್ಪ ಮಾತ್ರ ನಿನ್ನನ್ನು ವಿಭೂತಿ ಬಣ್ಣದ ಮಗ ಎನ್ನುತ್ತಿದ್ದರು. ಬೇಸಿಗೆ ಬಂತೆಂದರೆ ನಿನ್ನ ಮೂಗು, ಕೆನ್ನೆ, ಮುಂಗೈಯೆಲ್ಲ ಕೆಂಪು ಚುಕ್ಕೆ, ಅದರ ಮೇಲೆ ಒಣ ಹಕ್ಕಳೆ. ಕೈಯಾಡಿಸಿದರೆ ಉಪ್ಪುಕಾಗದ ಮುಟ್ಟಿದಂತೆ. ಅವ್ವ ಉಷ್ಣವೆಂದು ಹರಳೆಣ್ಣೆ ಹಚ್ಚಿ, ಮೆಂತ್ಯ ನೆನೆಸಿ ಕುಡಿಸುತ್ತಿದ್ದಳು. ಮಳೆಗಾಲದಲ್ಲಿ ಕೆಲವು ಉದುರಿ ಹೋಗುತ್ತಿದ್ದವು, ಯುಗಾದಿಯ ಹೊತ್ತಿಗೆ ಮತ್ತೆ ಹಾಜರು. ಹೀಗೆ ಬಂದು ಹೋಗುವುದಕ್ಕೆ ಯಾರು ಹೆದರುತ್ತಾರೆ ಹೇಳು? ನಾವು ಹೆದರಲಿಲ್ಲ.

ನೀನು ಸ್ನಾನ ಮುಗಿಸಿ ಬಚ್ಚಲಿನಿಂದ ಹೇಗೆ ಬರುತ್ತಿದ್ದೆ ಎಂಬುದನ್ನೂ ನೆನೆಸಿಕೊಂಡು ನೋಡಿದೆ. ಒದ್ದೆ ಪಂಚೆಯಲ್ಲೇ ಗೋಡೆಯ ಕಡೆ ಮುಖ ಮಾಡಿ, ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿನಲ್ಲಿ ಹಣೆಗೆ ದಪ್ಪಗೆ ಬಳಿದುಕೊಂಡ ಮೇಲೆಯೇ ನಮ್ಮ ಕಡೆ ತಿರುಗುತ್ತಿದ್ದೆ. ಬರಿಹಣೆಯಲ್ಲಿ ಯಾರಿಗೂ ಮುಖ ತೋರಿಸಬಾರದು, ಅದು ಮನೆಯ ಪದ್ಧತಿ. ಒಂದೇ ಸೂರಿನಡಿ ಬೆಳೆದ ನಾನು ದೊಡ್ಡವನಾದ ನಿನ್ನ ಬರಿಹಣೆಯನ್ನು ಒಂದು ಸಲವೂ ನೋಡಲಿಲ್ಲ ಎಂದರೆ ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ನಂಬಲಿಲ್ಲ. ಹಣೆಯ ನಡುವೆ, ಕೊಂಚ ಎಡಕ್ಕೆ, ವಿಭೂತಿ ಉಬ್ಬಿಕೊಂಡು ನಿಲ್ಲುತ್ತಿತ್ತು. ಅವ್ವ ಅದನ್ನೇ ಹಿಗ್ಗಿನಿಂದ ನೆರೆಮನೆಯವರಿಗೆ ಹೇಳುತ್ತಿದ್ದಳು, “ನಮ್ ಮಲ್ಲಪ್ಪನ ಅಣೆ ಮ್ಯಾಲೆ ಇಬೂತಿ ಸಂಜೆಗಂಟ ಅಳ್ಳಾಡಕಿಲ್ಲ” ಅಂತ. ಅದು ಹಿಡಿದುಕೊಂಡಿದ್ದು ಯಾವುದನ್ನು ಅಣ್ಣ? ಆಗಲೇ ಅಲ್ಲಿ...

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ವರ್ಷ ನಾನು ತವರಿಗೆ ಬಂದಿದ್ದೆ. ನಿನ್ನ ಮೂಗಿನ ತುದಿಯ ಹಕ್ಕಳೆ ನೋಡಿ ನಾನೇ ಜಗಳ ಮಾಡಿ ಕೊಳ್ಳೇಗಾಲದ ಡಾಕ್ಟರ ಹತ್ತಿರ ಹೊರಡಿಸಿದೆ. ಗಾಡಿಯಲ್ಲಿ ಅವ್ವ, ನೀನು, ನಾನು. ಡಾಕ್ಟರು ಮೂಗು ನೋಡಿದರು, ಕೈ ನೋಡಿದರು, ಆಮೇಲೆ ಹತ್ತಿ ತೆಗೆದುಕೊಂಡು, “ಹಣೆ ಒರೆಸಿಕೊಳ್ಳಪ್ಪ, ಅಲ್ಲೂ ನೋಡೋಣ” ಎಂದರು. ಅವ್ವ ನಡುವೆ ಬಂದು ನಿಂತಳು. “ಇಬೂತಿ ಒರಸ್ಬ್ಯಾಡಿ ಸಾ, ಒತ್ತಾರೆ ಪೂಜೆ ಮಾಡಿ ಅಚ್ಚಿರದು. ಅಲ್ಲೇನೂ ಇಲ್ಲ, ಮೂಗಿಗೆ ಔಸ್ದಿ ಕೊಡಿ.” ನೀನೂ ತಲೆಯಾಡಿಸಿದೆ. ಡಾಕ್ಟರು ಇನ್ನೊಂದು ಮಾತು ಹೇಳಿ ನೋಡಿದರು, ನಾವು ಒಪ್ಪಲಿಲ್ಲ. ಮೂಗಿಗೆ ಮುಲಾಮು ಕೊಟ್ಟರು. ಬರುವಾಗ ನೀನು ನನಗೆ ಬಳೆ ಕೊಡಿಸಿದೆ, ಅವ್ವ ಪುರಿ ತಿಂದಳು, ಎಲ್ಲರೂ ಸಂತೋಷವಾಗಿ ಮನೆಗೆ ಬಂದೆವು.

ಮುಂದಿನ ಸಲ ಬಂದಾಗ ನಿನ್ನ ತಲೆವಸ್ತ್ರದ ಒಳಮೈಯಲ್ಲಿ ರಕ್ತದ ಕಲೆ ಕಂಡು ಕೇಳಿದೆ. “ನೊಗ ತಗುಲ್ತು ಕಣಮ್ಮಿ, ಏನೂ ಆಗಿಲ್ಲ, ಓಗು” ಎಂದೆ. ನಿಜವಾಗಿಯೂ ನೊಗ ತಗುಲಿತ್ತೇ? ಅಥವಾ ವಸ್ತ್ರ ಸುತ್ತುವಾಗ ತಾನಾಗಿಯೇ ಕಿತ್ತುಕೊಂಡು ಬಂದ ರಕ್ತವೇ? ಅವ್ವ ಗಾಯಕ್ಕೂ ವಿಭೂತಿಯನ್ನೇ ಒತ್ತುತ್ತಿದ್ದಳು. ಆಮೇಲೆ ಕಿವಿಯ ಮುಂದೆ ಗಂಟು ಬಂತು. ಮಂಗನಬಾವು ಎಂದುಕೊಂಡು ಪಟ್ಟು ಹಾಕಿದರು. ನಿನ್ನ ಹಣೆಯನ್ನು ಕೊನೆಗೆ ತೊಳೆದು ನೋಡಿದಾಗ ನಾಟಿ ವೈದ್ಯರಿಗೂ ಕೈ ಹಚ್ಚಲು ಏನೂ ಉಳಿದಿರಲಿಲ್ಲ. ಅವ್ವನನ್ನು ಬೈಯಲೇ? ಅವಳು ನಿನ್ನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಎಷ್ಟು ಸಲ ಬೈಯಲು ಹೊರಟರೂ ಅವಳ ಮುಖ ನೆನಪಾಗಿ ಬಾಯಿ ಬರುವುದಿಲ್ಲ.

ಈಗ ಕೇಳು. ಹೋದ ತಿಂಗಳು ಮಂಗಳಳ ಮೂಗಿನ ಮೇಲೆ ಅಂಥದೇ ಕೆಂಪು ಹಕ್ಕಳೆ ಕಂಡಿತು. ಅತ್ತೆ ಹರಳೆಣ್ಣೆ ತಂದರು. ನಾನು ಅವಳ ಕೈ ಹಿಡಿದು ಯಳಂದೂರಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ, ಅತ್ತೆಯೂ ಬೆನ್ನು ಹತ್ತಿದರು. ಅಲ್ಲಿ ಮತ್ತೆ ಅದೇ ಮಾತು, ಹಣೆ ಒರೆಸಿ ಅಂತ. ಅತ್ತೆ ಬಾಯಿ ತೆರೆಯುವುದರೊಳಗೆ ಹುಡುಗಿ ದಾವಣಿಯ ಸೆರಗಿನಲ್ಲಿ ಬರಬರನೆ ವಿಭೂತಿ ಒರೆಸಿಕೊಂಡಳು. “ಶಿವ ಏನ್ ಕ್ವಾಪ ಮಾಡ್ಕಳಲ್ಲ ಬುಡಜ್ಜಿ, ಮನೆಗೋಗಿ ಅಚ್ಕತೀನಿ” ಎಂದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದು ನೋಡಿದರೆ ಹಣೆ ನುಣ್ಣಗೆ, ಎಳೆ ಮಗುವಿನ ಹಣೆಯ ಹಾಗಿತ್ತು.

“ಮೂಗಿನದು ಕ್ಯಾನ್ಸರ್ರಾ ಡಾಕ್ಟ್ರಮ್ಮ?” ಎಂದು ನೇರ ಕೇಳಿದೆ. ಅವರು ಬೆರಳಿನಿಂದ ಸವರಿ, ಒತ್ತಿ ನೋಡಿದರು. “ಒರಟು ಇರೋದೆಲ್ಲ ಕ್ಯಾನ್ಸರ್ ಅಲ್ಲಮ್ಮ. ಬಿಸಿಲಿಗೆ ಚರ್ಮ ಕೆಟ್ಟಿರೋ ಗುರುತು. ಇಂಥವರಿಗೆ ಚರ್ಮದಲ್ಲಿ ಬಣ್ಣವೇ ಇಲ್ಲ, ಬಿಸಿಲು ತಡೆಯೋದು ಯಾವುದು? ಸುಮಾರು ಚುಕ್ಕೆ ಹಾಗೇ ಇರ್ತವೆ, ಕೆಲವು ಹೋಗ್ತವೆ, ಯಾವುದೋ ಒಂದು ಕ್ಯಾನ್ಸರಿಗೆ ತಿರುಗುತ್ತೆ.” ಆ ಒಂದು ಯಾವುದು ಎಂದು ನಮಗೆ ತಿಳಿಯುವುದು ಹೇಗೆ ಎಂದೆ. “ದಪ್ಪ ಆದ್ರೆ, ಬುಡ ಗಟ್ಟಿಯಾದ್ರೆ, ಒತ್ತಿದ್ರೆ ನೋವಾದ್ರೆ, ಬೇಗ ಬೆಳೆದ್ರೆ, ಸುಮ್ಮನೆ ತಾಗಿದ್ದಕ್ಕೇ ರಕ್ತ ಬಂದ್ರೆ, ಹುಣ್ಣಾಗಿ ತಿಂಗಳಾದ್ರೂ ಮಾಯದೇ ಇದ್ರೆ. ಇದರಲ್ಲಿ ಒಂದು ಕಂಡ್ರೂ ಸಾಕು, ಬಂದು ತೋರಿಸಿ. ನೋಡಿದ ತಕ್ಷಣ ಖಂಡಿತ ಹೇಳೋಕೆ ನನಗೂ ಆಗಲ್ಲ, ಚೂರು ತೆಗೆದು ಪರೀಕ್ಷೆ ಮಾಡಬೇಕು.” ಹಾಗೆ ಹೇಳುತ್ತಲೇ ಅವಳ ಕೂದಲು ಸರಿಸಿ, “ಇದೇನು ಕಿವಿ ಮೇಲೆ?” ಎಂದರು.

ಕಿವಿಯ ಅಂಚಿನಲ್ಲಿ ಒಂದು ಸಣ್ಣ ಹಕ್ಕಳೆ, ಅವರೆಕಾಳಿನಷ್ಟು. ದಿನಾ ಜಡೆ ಹಾಕುವವಳು ನಾನೇ. ಬಾಚಣಿಗೆ ತಾಗಿ ಆದದ್ದು ಎಂದೆ. ಯಾವಾಗಿನಿಂದ ಎಂದು ಕೇಳಿದರು. “ದೀಪಾವಳಿಲಿ ಆಗಿರ್ಬೇಕು” ಎಂದೆ ನಾನು. “ಇಲ್ಲ ಕಣವ್ವ, ಆಯುಧಪೂಜೆಲೇ ಇತ್ತಲ್ಲ, ಊವ ಮುಡಿಸ್ವಾಗ ನೋವು ಅಂದಿದ್ನಲ್ಲ” ಎಂದಳು ಮಂಗಳ. ಆಗಲೇ ಶಿವರಾತ್ರಿ ಹತ್ತಿರ ಬಂದಿತ್ತು. ಡಾಕ್ಟರಮ್ಮ ಒತ್ತಿದರು, ಹುಡುಗಿ “ಸ್ಸ್” ಎಂದಳು. ಊರೆಲ್ಲ ನೋಡುವ ಮೂಗನ್ನು ಬಿಟ್ಟು, ಯಾರ ಲೆಕ್ಕಕ್ಕೂ ಬರದ ಈ ಕಾಳಿನ ಮೇಲೆ ಅವರ ಕಣ್ಣು. ಮೈಸೂರಿಗೆ ಚೀಟಿ ಕೊಟ್ಟರು. ಅಲ್ಲಿ ಚೂರು ತೆಗೆದಿದ್ದಾರೆ. ಸಂಬಂಧದಲ್ಲೇ ಮದುವೆಯಾ ಎಂದೂ ಕೇಳಿದರು, ಹೌದೆಂದೆ; ಈ ಬಿಳುಪು ಹಾಗೂ ಬರುತ್ತದಂತೆ. ಮುಂದಿನ ವಾರ ಬನ್ನಿ ಎಂದಿದ್ದಾರೆ.

ಅಂದಿನಿಂದ ಡಾಕ್ಟರಮ್ಮನ ಮಾತುಗಳನ್ನು ಒಂದೊಂದಾಗಿ ನಿನ್ನ ಹಣೆಗೆ ಹೊಂದಿಸಿ ನೋಡುತ್ತಿದ್ದೇನೆ. ವಿಭೂತಿ ಉಬ್ಬಿ ನಿಲ್ಲುತ್ತಿತ್ತಲ್ಲ, ಅದೇ ದಪ್ಪವಾಗಿದ್ದೇ? ವಸ್ತ್ರದ ಕಲೆ, ಅದೇ ತಾಗಿದ್ದಕ್ಕೆ ಬಂದ ರಕ್ತವೇ? ನೋವಿತ್ತೇ ಅಣ್ಣ? ನೀನು ಯಾವತ್ತೂ ಹೇಳಲಿಲ್ಲವಲ್ಲ. ಕೊಳ್ಳೇಗಾಲಕ್ಕೆ ಹೋದ ದಿನ ಅದಿನ್ನೂ ಬರೀ ಬಿಸಿಲಿನ ಗುರುತಾಗಿತ್ತೋ, ಆಗಲೇ ತಿರುಗಿತ್ತೋ? ಒಂದು ದಿನ ನೀನು ಒಳ್ಳೆಯವನೇ ಎದ್ದು, ಮರುದಿನ ಬೇರೆಯಾಗಿ ಎದ್ದಿರಬೇಕಲ್ಲವೇ? ಆ ದಿನ ಯಾವುದು? ಹೀಗೆ ಯೋಚಿಸುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿನ್ನ ಭಾವ ತುಟಿ ಪಿಟಕ್ಕೆನ್ನದೆ ಉಂಡೆದ್ದರು, ಅವರ ತಲೆಯೂ ಎಲ್ಲಿತ್ತೋ.

ಅಲ್ಲಿಗೆ ನಿಲ್ಲಿಸಿ ಕಾಗದವನ್ನು ಮಡಿಸಿಟ್ಟಿದ್ದೆ. ತಿಂಗಳ ಮೇಲಾಯಿತು, ಮತ್ತೆ ಬರೆಯಲು ಧೈರ್ಯ ಬಂದದ್ದು ಇವತ್ತು. ಮೈಸೂರಿಗೆ ಹೋದ ದಿನ ನಾನು ಬೆಂಚಿನ ಮೇಲೆ ಕೂರಲಾರದೆ ನಿಂತೇ ಇದ್ದೆ. ಕಿವಿಯದು ತಿರುಗಿತ್ತು ಅಣ್ಣ. ಕ್ಯಾನ್ಸರೇ ಎಂದರು. ಇನ್ನೂ ಶುರುವಿನಲ್ಲಿದೆ, ಕುತ್ತಿಗೆಯಲ್ಲಿ, ಕಿವಿಯ ಮುಂದೆ ಎಲ್ಲೂ ಗಂಟಿಲ್ಲ, ಕೊಯ್ದು ತೆಗೆದುಬಿಡೋಣ ಎಂದರು. ಅತ್ತೆ ಗೋಡೆಗೊರಗಿ ಅತ್ತರು. ಮಂಗಳ ನನ್ನನ್ನೇ ನೋಡಿ, “ಕಿವಿ ತಾನೇ ಅವ್ವ, ವಾಲೆ ಅಕ್ಕಳದು ಕೆಳಗಡೆ, ತೆಗೀಲಿ ಬುಡು” ಎಂದಳು. ಅಂಚನ್ನು ಸುತ್ತ ಒಳ್ಳೆಯ ಚರ್ಮವೂ ಸೇರಿದಂತೆ ಕೊಯ್ದು ತೆಗೆದು ಹೊಲಿಗೆ ಹಾಕಿದರು.

ಇನ್ನು ಮುಂದೆ ಬೇರೆ ಕಡೆ ಬರಬಹುದು, ಕೊಡೆ, ತುಂಬುತೋಳಿನ ರವಿಕೆ ಬಿಡಬಾರದು, ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಅಡಿಯಿಂದ ಮುಡಿಯವರೆಗೆ ನೋಡಬೇಕು ಎಂದಿದ್ದಾರೆ. ಮೊನ್ನೆ ಹಿತ್ತಲಲ್ಲಿ ಅವಳನ್ನು ಕೂರಿಸಿಕೊಂಡು ನೋಡಿದೆ. ಕಿವಿ, ಕಿವಿಯ ಹಿಂದೆ, ತುಟಿ, ಬೈತಲೆ, ಮುಂಗೈ. ಇದು ಒರಟು, ಇದು ಮೊದಲಿಗಿಂತ ದಪ್ಪವೇ? ಇದು ಸೊಳ್ಳೆ ಕಚ್ಚಿದ್ದೋ? ನನಗಿನ್ನೂ ಸರಿಯಾಗಿ ತಿಳಿಯುವುದಿಲ್ಲ ಅಣ್ಣ. ತಿಳಿಯದಿದ್ದರೆ ಬಸ್ಸು ಹತ್ತಿಸಿ ಕರೆದುಕೊಂಡು ಹೋಗುತ್ತೇನೆ, ಡಾಕ್ಟರಮ್ಮ ಬೈದರೂ ಸರಿ. ಅಷ್ಟು ಮಾತ್ರ ನಿನಗೆ ಮಾತು ಕೊಡುತ್ತೇನೆ.

ನೋಡಿ ಮುಗಿಸಿದಾಗ ಅವಳು ಕೇಳಿದಳು, “ಮಾವನ ಗಾಯ ಕಡೆಗೂ ಮಾಯ್ಲೇ ಇಲ್ವಾ ಅವ್ವ?” ಇಲ್ಲ ಎಂದೆ. ಅವಳು ನನ್ನ ಬೆರಳು ಹಿಡಿದು ಹೊಲಿಗೆ ಬಿಚ್ಚಿದ ಕಿವಿಯ ಅಂಚಿನ ಮೇಲಿಟ್ಟಳು. ಒತ್ತಿದೆ, “ಸ್ಸ್” ಎನ್ನಲಿಲ್ಲ. ಗಟ್ಟಿಯೂ ಇಲ್ಲ, ಒರಟೂ ಇಲ್ಲ. ಮಾಯ್ದಿದೆ ಅಣ್ಣ, ಮೆತ್ತಗಿದೆ.

ನಿನ್ನ
ಗೌರಿ