ಅವಳು ಕೇಳಿದ್ದು

೪ ನವೆಂಬರ್, ಸೋಮವಾರ

ಮೂರು ಪೀರಿಯಡ್ ಒಂದೇ ಸಮ. ಬಲಭುಜ ಸೇದುತ್ತಿದೆ. ಬೋರ್ಡಿನ ಎಡಕ್ಕೆ ನನ್ನ ಕುರ್ಚಿ, ಎದುರು ಬೆಂಚಿನಲ್ಲಿ ಕೆನ್ನೆಗುಳಿ. ಸನ್ನೆಯಲ್ಲಿ ಅವಳ ಹೆಸರೇ ಅದು — ಕೆನ್ನೆಗೆ ಬೆರಳೊತ್ತಿ ತಿರುಗಿಸಿದರೆ ಅವಳು. ಏಳನೇ ತರಗತಿಯ ನಲವತ್ತೊಂದು ಮಕ್ಕಳಲ್ಲಿ ಕಿವಿ ಕೇಳದವಳು ಅವಳೊಬ್ಬಳೇ. ಟೀಚರ್ ಬಾಯಲ್ಲಿ ಹೇಳಿದ್ದನ್ನು ನಾನು ಕೈಯಲ್ಲಿ ಹೇಳಬೇಕು. ಅವಳು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳಬೇಕು. ಮಕ್ಕಳು ನನ್ನನ್ನು 'ಕೈ ಮಿಸ್' ಅನ್ನುತ್ತವೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಣ್ಣನಿಗೂ ಕಿವಿ ಕೇಳುವುದಿಲ್ಲ, ಅವನ ಜೊತೆಗೆ ಇರಲೆಂದು ಸ್ಕೂಲು ಬಿಡಿಸಿದರು. ಸನ್ನೆ ಕಲಿಸಿದ್ದು ಅವನೇ. ಬೇರೆ ಯಾರೂ ಸಿಗದೆ ಇಲ್ಲಿಯವರು ನನ್ನನ್ನು ಕರೆದರು. ಎರಡು ದಿನ ಟ್ರೈನಿಂಗ್ ಕೊಟ್ಟ ಮೇಡಂ ಕೊನೆಗೆ ಹೇಳಿದ್ದು ಇಷ್ಟೇ: "ಸೇರಿಸ್ಬೇಡ, ಬಿಡ್ಬೇಡ."

ಕೈಯಾದರೆ ಸರಿ. ಬಾಯಿ... ನಲವತ್ತು ತಲೆ ಒಟ್ಟಿಗೆ ನನ್ನ ಕಡೆ ತಿರುಗಿದರೆ ನಾಲಿಗೆ ಅಂಟಿಕೊಳ್ಳುತ್ತದೆ.

೭ ನವೆಂಬರ್, ಗುರುವಾರ. ಊಟದ ಬಿಡುವು

ಸೈನ್ಸ್ ಸರ್ ಇವತ್ತು ಆಯಸ್ಕಾಂತ ತಂದಿದ್ದರು. ಒಂದು ತುದಿ ಉತ್ತರ, ಒಂದು ತುದಿ ದಕ್ಷಿಣ. "ಡೌಟ್ ಇದ್ರೆ ಕೇಳಿ. ಇಲ್ದಿದ್ರೆ ನಿದ್ದೆ ಮಾಡಿ, ಆದ್ರೆ ಕಣ್ಣು ಬಿಟ್ಕೊಂಡು ಮಾಡಿ" ಅಂದರು. ಎಲ್ಲರೂ ನಕ್ಕರು. ಅದನ್ನೂ ಕೈಯಲ್ಲಿ ಹೇಳಿದೆ, ಕೆನ್ನೆಗುಳಿಯೂ ನಕ್ಕಳು. ತಡವಾಗಿ, ಯಾವಾಗಿನಂತೆ.

ಆಮೇಲೆ ಅವಳ ಕೈ: ಇದನ್ನು ಮಧ್ಯಕ್ಕೆ ಮುರಿದರೆ? ಉತ್ತರ ಒಂದು ತುಂಡಿಗೆ, ದಕ್ಷಿಣ ಒಂದು ತುಂಡಿಗೆ ಹೋಗುತ್ತಾ? ಸರ್‌ಗೆ ಕೇಳು.

'ಆಮೇಲೆ' ಅಂದೆ. ಬಿಡಲಿಲ್ಲ. ಕೇಳು, ಕೇಳು. ಎದ್ದು ನಿಂತು ಅಷ್ಟು ಜೋರಾಗಿ... ಆಗಲಿಲ್ಲ. 'ಹೌದು' ಅಂದುಬಿಟ್ಟೆ. ಹಾಗೇ ಇರಬೇಕಲ್ಲ?

ಜೂನ್‌ನಿಂದ ಇಂಥ 'ಆಮೇಲೆ' ಎಷ್ಟಾಗಿವೆಯೋ.

೨೨ ನವೆಂಬರ್, ಶುಕ್ರವಾರ

ಸೈನ್ಸ್ ಟೆಸ್ಟಿನ ಪೇಪರ್ ಕೊಟ್ಟರು. ಕೆನ್ನೆಗುಳಿಗೆ ಇಪ್ಪತ್ತೈದಕ್ಕೆ ಆರು. ಮುರಿದ ಆಯಸ್ಕಾಂತದ ಪ್ರಶ್ನೆ ಬಂದಿತ್ತು. ನೀಟಾಗಿ ಎರಡು ತುಂಡು ಬರೆದು, ಒಂದಕ್ಕೆ ಬರೀ ಉತ್ತರ, ಒಂದಕ್ಕೆ ಬರೀ ದಕ್ಷಿಣ ಎಂದು ಗುರುತು ಹಾಕಿದ್ದಾಳೆ. ಅದರ ಮೇಲೆ ಕೆಂಪು ಗೆರೆ. ಪ್ರತಿ ತುಂಡಿಗೂ ಎರಡೂ ಇರುತ್ತವಂತೆ. ಪಕ್ಕದಲ್ಲಿ ಸರ್ ಬರೆದದ್ದು: ಗಮನವಿಲ್ಲ.

'ನೀನು ಹೌದು ಅಂದೆಯಲ್ಲ?' ಎಂದು ಕೇಳಿದಳು.

'ಸರ್ ಹಾಗಂದರು' ಅಂದೆ.

ಬಿಟ್ಟಿದ್ದು ಸಾಲದೆ ಇವತ್ತು ಸೇರಿಸಿಯೂ ಆಯಿತು.

೨೫ ನವೆಂಬರ್, ಸೋಮವಾರ

ಹೆಡ್ ಮೇಡಂ ರೂಮು. ಸರ್ ಇದ್ದರು. ಕೆನ್ನೆಗುಳಿಯ ಅಮ್ಮ ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಕೆಲಸದಿಂದ ನೇರ ಬಂದಿದ್ದರು, ಬೆರಳ ತುದಿಗೆ ಬ್ಯಾಂಡೇಜು. ನಾನು ನಿಂತೇ ಇದ್ದೆ. ಅವಳಿಗೆ ಕೈ ಕಾಣಬೇಕಲ್ಲ.

ಸರ್ ಒಳ್ಳೆಯ ಮಾತಿನಿಂದಲೇ ಶುರು ಮಾಡಿದರು. "ಗಲಾಟೆ ಇಲ್ಲ, ಏನಿಲ್ಲ. ಆದ್ರೆ ಜೂನ್‌ನಿಂದ ಒಂದೇ ಒಂದು ಪ್ರಶ್ನೆ ಕೇಳಿಲ್ಲ ಕಣಮ್ಮ ನಿಮ್ಮ ಮಗಳು. ತಲೆಗೆ ಹೋಗ್ತಾ ಇದ್ರೆ ತಾನೇ ಡೌಟ್ ಬರೋದು?"

ಕೈ ಎತ್ತಿದೆ. ಇದನ್ನು ಬಿಟ್ಟುಬಿಡಬಹುದಿತ್ತು. 'ನಿಧಾನ ಅಂತಿದ್ದಾರೆ' ಎಂದು ಮುಗಿಸಬಹುದಿತ್ತು. ಬಿಡಲಿಲ್ಲ, ಪೂರ್ತಿ ಹೇಳಿದೆ. ಒಂದೇ ಒಂದು ಪ್ರಶ್ನೆ ಕೇಳಿಲ್ಲ.

ಅವಳು ನನ್ನನ್ನು ನೋಡಿದಳು. ಕೈಯನ್ನಲ್ಲ, ಮುಖವನ್ನು. ಆಮೇಲೆ ನಿಧಾನಕ್ಕೆ ಹೇಳಿದಳು. ನಾನದನ್ನು ಬಾಯಲ್ಲಿ ಹೇಳಿದೆ: "ದಿನಾ ಕೇಳ್ತಿದ್ದೆ. ಕೈ ಮಿಸ್ ನಿಮಗೆ ಹೇಳಲೇ ಇಲ್ಲ ಅಂತಿದ್ದಾಳೆ."

ಹೆಡ್ ಮೇಡಂ ನಕ್ಕರು. "ನೋಡಿದ್ರಾ ಸರ್? ಬೆವರು ಸುರಿಸಿ ಹೇಳ್ಕೊಡೋಳ ಮೇಲೇ ಎತ್ತಿ ಹಾಕ್ತಾಳೆ." ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಮ್ಮ, ಮಕ್ಕಳು ಅಂದ್ರೆ ಹಾಗೇ."

ಅದನ್ನೂ ಅವಳಿಗೆ ಕೈಯಲ್ಲಿ ಹೇಳಬೇಕಾಯಿತು. ಹೇಳಿದೆ. 'ಅವಳು ಹೇಳಿದ್ದು ನಿಜ' ಎನ್ನುವುದಕ್ಕೆ ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ.

ಜನವರಿಯಿಂದ ಅವಳನ್ನು ಹೊಲಿಗೆ ವಿಭಾಗಕ್ಕೆ ಹಾಕುತ್ತಾರೆ. ಅಲ್ಲಿ ವಿಜ್ಞಾನವಿಲ್ಲ, ಗಣಿತವಿಲ್ಲ. ಅಳತೆಯ ಟೇಪು ಮಾತ್ರ.

೨೬ ನವೆಂಬರ್, ಮಂಗಳವಾರ

ಅಣ್ಣನಿಗೆ ಎಲ್ಲ ಹೇಳಿದೆ. ಮರದ ಅಂಗಡಿಯಿಂದ ಆಗಷ್ಟೇ ಬಂದಿದ್ದ, ಉಗುರ ತುಂಬ ಪಾಲಿಶ್.

'ಹೋಗಿ ಹೇಳು. ಕೆಲಸ ಹೋದರೆ ಹೋಗಲಿ.'

'ನಾನು ಹೋದರೆ ಅವಳಿಗೆ ಯಾರಿದ್ದಾರೆ?'

'ನೀನಿದ್ದಾಗ ಯಾರಿದ್ದರು?' ಅಂದ. ಅಂದು ಕೈ ತೊಳೆಯಲು ಎದ್ದುಹೋದ.

೨೯ ನವೆಂಬರ್, ಶುಕ್ರವಾರ

ಹೇಳಿದೆ. ಹೆಡ್ ಮೇಡಂ ಬಾಗಿಲಿನ ಹತ್ತಿರ ಮೂರು ಸಲ ಹೋಗಿ ಬಂದು ನಾಲ್ಕನೇ ಸಲಕ್ಕೆ. ನೆಲ ನೋಡಿಕೊಂಡೇ.

ಮೇಡಂ ಪೆನ್ನು ಎತ್ತಿಕೊಂಡರು. "ಈಗ ಬಂದು ಹೇಳ್ತೀಯಲ್ಲೇ ಮಾರಾಯ್ತಿ... ಇದನ್ನ ಬರೆದು ಮೇಲಕ್ಕೆ ಕಳಿಸಿದ್ರೆ ಮೊದಲು ಕೇಳೋದೇ ನಿನ್ನ ಸರ್ಟಿಫಿಕೇಟು. ನಾಲ್ಕನೇ ಕ್ಲಾಸು ಅಂದ್ರೆ ಅವತ್ತೇ ಮನೆಗೆ. ಇನ್ನೊಬ್ಬರು ಬರೋಕೆ ವರ್ಷ ಬೇಕು. ಅಲ್ಲೀವರೆಗೂ ಅವಳು ಗೋಡೆ ನೋಡ್ಕೊಂಡು ಕೂರ್ಬೇಕು. ಬರೀಲಾ?"

ಪೆನ್ನು ಹಿಡಿದೇ ಕಾದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಒಂದು ಕೆಲಸ ಮಾಡು. ಅವಳು ಸರ್‌ಗೆ ಒಂದು ಪ್ರಶ್ನೆ ಕೇಳ್ಲಿ. ಅವರು ತಿರುಗಿ ಕೇಳಿದ್ದಕ್ಕೆ ಉತ್ತರ ಕೊಡ್ಲಿ. ಸರ್ ಸರಿ ಅಂದ್ರೆ ಹೊಲಿಗೆ ಬೇಡ. ಡಿಸೆಂಬರ್ ರಜಾ ಶುರುವಾಗೋದ್ರೊಳಗೆ."

೯ ಡಿಸೆಂಬರ್, ಸೋಮವಾರ

ಹೆಡ್ ಮೇಡಂ ಹೇಳಿದ್ದನ್ನು ಅವಳಿಗೆ ಹೇಳೋಣವೆಂದರೆ ನನ್ನ ಕಡೆ ನೋಡುವುದೇ ಇಲ್ಲ. ಬೋರ್ಡು ನೋಡುತ್ತಾಳೆ, ಪುಸ್ತಕ ನೋಡುತ್ತಾಳೆ. ನಾನು ಕೈ ಆಡಿಸುತ್ತೇನೆ, ಯಾರಿಗೂ ಅಲ್ಲದೆ. ಕೇಳುವವರು ಕಿವಿ ಮುಚ್ಚಿಕೊಂಡರೂ ಸ್ವಲ್ಪ ಕೇಳಿಸುತ್ತದೆ. ಇವಳು ಕಣ್ಣು ತಿರುಗಿಸಿದರೆ ನಾನು ಪೂರ್ತಿ ಇಲ್ಲ.

ಕೊನೆಗೆ ಚೀಟಿಯಲ್ಲಿ ಬರೆದು ಅವಳ ಪುಸ್ತಕದಲ್ಲಿಟ್ಟೆ.

ಗೇಟಿನ ಹತ್ತಿರ ಅವಳ ಅಮ್ಮ ಸಿಕ್ಕಿದರು. "ಎಲ್ಲ ಹೇಳಿದ್ಲು. ಸಿಟ್ಟಿದೆ ಕಣೇ ನಿನ್ನ ಮೇಲೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬಿಟ್ಟು ಮಾತ್ರ ಹೋಗ್ಬೇಡ. ಹೆತ್ತೋಳು ನಾನು, ನಂಗೇ ಅವಳ ಮಾತು ಅರ್ಧಕ್ಕರ್ಧ ತಿಳಿಯಲ್ಲ."

೧೨ ಡಿಸೆಂಬರ್, ಗುರುವಾರ

ಪಾಠ ಮುಗಿಯುವ ಮೊದಲೇ ಕೆನ್ನೆಗುಳಿ ಎದ್ದಳು. ನನ್ನನ್ನು ದಾಟಿ ಹೋಗಿ ಸರ್ ಕೈಗೇ ಹಾಳೆ ಕೊಟ್ಟಳು. ಅವರು ಜೋರಾಗಿ ಓದಿದರು: "ಬಿಸಿ ಗಾಳಿ ಮೇಲೆ ಹೋಗುತ್ತದೆ. ಬೆಟ್ಟ ಮೇಲೆ ಇದೆ. ಅಲ್ಲಿ ಚಳಿ. ಯಾಕೆ?"

ನನ್ನನ್ನು ನೋಡಿದರು. "ನೀನು ಬರ್ಕೊಟ್ಟಿದ್ದಾ?"

"ಇಲ್ಲ ಸರ್. ಅವಳದ್ದೇ."

"ಕೈ ಮಿಸ್‌ಗೆ ಬಾಯೂ ಇದೆ!" ಹಿಂದಿನ ಬೆಂಚಿನಿಂದ ಯಾರೋ. ಎಲ್ಲ ನಕ್ಕರು. ಸರ್ ನಗಲಿಲ್ಲ, ಹಾಳೆಯನ್ನೇ ನೋಡುತ್ತಿದ್ದರು. "ಹತ್ತನೇ ಕ್ಲಾಸಿನೋರೂ ಕೇಳಲ್ಲ ಇದನ್ನ." ಖುಷಿಯಾಗಿದ್ದರು. ಡಸ್ಟರ್ ಕೆಳಗಿಟ್ಟು ಅವಳೊಬ್ಬಳಿಗೇ ಎಂಬಂತೆ ಶುರು ಮಾಡಿದರು. ಮೇಲೆ ಹೋದ ಹಾಗೆ ಒತ್ತಡ ಕಡಿಮೆಯಂತೆ, ಗಾಳಿ ಹಿಗ್ಗುತ್ತದಂತೆ, ಹಿಗ್ಗುವುದಕ್ಕೆ ತನ್ನದೇ ಏನನ್ನೋ ಖರ್ಚು ಮಾಡಿ... ಬೇಗ ಬೇಗ. ಕೊನೆಗೆ, "ಈಗ ಅವಳನ್ನ ಕೇಳು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ಯಾಕೆ ತಾಗುತ್ತೆ?"

ಎರಡು ವಾರದ ಮೇಲೆ ಮೊದಲ ಸಲ ನನ್ನ ಕೈಗೆ ಕಣ್ಣು ಕೊಟ್ಟಳು. ಬೇರೆ ದಾರಿ ಇರಲಿಲ್ಲ ಅವಳಿಗೆ.

ಸೈಕಲ್ ಹೇಳಬಲ್ಲೆ. ಬೆರಳು, ತಣ್ಣಗೆ — ಹೇಳಬಲ್ಲೆ. ನಡುವಿನದ್ದು — ಒತ್ತಡ, ಹಿಗ್ಗುವುದು, ಖರ್ಚು — ನನಗೇ ಹತ್ತಲಿಲ್ಲ. ಅದು ಇಲ್ಲದೆ ಅವಳು ಏನೆಂದು ಉತ್ತರ ಕೊಡಬೇಕು? 'ತಿಳೀಲಿಲ್ಲ ಸರ್, ಇನ್ನೊಂದು ಸಲ ಹೇಳಿ' — ಇಷ್ಟೇ ಮಾತು. ನಲವತ್ತು ತಲೆ. ಎದ್ದು ನಿಂತೆ. ಅಂದೆ... ಅಂದೆನೋ, ಬಾಯೊಳಗೇ ಅಂದುಕೊಂಡೆನೋ. ಸರ್ ವಾಚು ನೋಡಿದರು. ಅವಳು ಇನ್ನೂ ನನ್ನ ಕೈಯನ್ನೇ ನೋಡುತ್ತಿದ್ದಳು.