ಹೊಗೆಮನೆಗೆ ಬಳಿದ ಸುಣ್ಣ

ಕೋಲ್ಕಾ,
ಜೂನ್ 5, 2015

ಮಗಳೇ ವಿಜ್ಮಾ,

ಹೇಗಿದ್ದೀಯ? ಬ್ರಸೆಲ್ಸ್‌ನಲ್ಲಿ ಮಳೆ ಬಿಟ್ಟಿತಾ? ಪುಟ್ಟಿಯ ಕೆಮ್ಮು ಕಡಿಮೆಯಾಯಿತಾ? ಮಲಗುವಾಗ ಅವಳ ಎದೆಗೆ ಉಣ್ಣೆಯ ಬಟ್ಟೆ ಸುತ್ತು. ನಿಮ್ಮ ಡಾಕ್ಟರು ನಕ್ಕರೆ ನಗಲಿ. ನನ್ನ ಮಂಡಿನೋವು ಎಂದಿನಂತೆಯೇ ಇದೆ. ನಿಮ್ಮಪ್ಪನ ಆರೋಗ್ಯಕ್ಕೇನೂ ಆಗಿಲ್ಲ, ಆದರೆ ಮಾತು ಬಿಟ್ಟು ಕೂತಿದ್ದಾರೆ. ಅದನ್ನೇ ಬರೆಯೋಣವೆಂದು ಕೂತೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ಕಾನೂನು ಬಿಡಿಸಿ ಹೇಳಲು ಶುರು ಮಾಡುತ್ತೀಯ, ನನಗೆ ರೇಗುತ್ತದೆ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು.

ಈಸ್ಟರ್ ಕಳೆದ ಮೇಲೆ ಇನ್‌ಸ್ಪೆಕ್ಟರಮ್ಮ ನಮ್ಮ ಹೊಗೆಮನೆಯಿಂದ ಹೊಗೆ ಹಾಕಿದ ಮೀನನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಿದ್ದು ನಿನಗೆ ಗೊತ್ತೇ ಇದೆ. ಅಗ್ರಿತಾ ಅಂತ ಹೆಸರು, ಒಳ್ಳೆಯ ಹುಡುಗಿ. ಪರೀಕ್ಷೆಯಲ್ಲಿ ಏನು ಬಂತೆಂದರೆ, ಹೊಗೆಯಿಂದ ಮೀನಿಗಿಳಿಯುವ ಆ ವಿಷ, ಅದರ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಹಳೆಯ ಮಿತಿಯೊಳಗೇ ಇದೆಯಂತೆ, ಹೊಸ ಮಿತಿಯನ್ನು ಮಾತ್ರ ದಾಟಿದೆಯಂತೆ. ಇನ್ನು ಮಾರುವ ಹಾಗಿಲ್ಲ. ರಿಗಾದ ನಮ್ಮ ಸಂಸತ್ತಿನಲ್ಲಿ ಇದಕ್ಕೆ ಯಾರು ಕೈ ಎತ್ತಿದರು ಹೇಳು, ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇನೆ ಅಂದೆ. "ಯಾರೂ ಎತ್ತಿಲ್ಲ ಅಮ್ಮಾ, ಎತ್ತೋದೇ ಬೇಕಾಗಿಲ್ಲ. ಇದು ಯೂರೋಪಿನ ಒಕ್ಕೂಟದ್ದು, ಬ್ರಸೆಲ್ಸ್‌ನಲ್ಲಿ ಮಾಡಿದ್ದು. ಅಲ್ಲಿ ಅಚ್ಚಾಗಿ ಜಾರಿಗೆ ಬಂದ್ರೆ ಇಲ್ಲೂ ಕಾನೂನೇ. ನಮ್ಮ ಕಾನೂನು ಅಡ್ಡ ಬಂದ್ರೂ ಇದೇ ಮೇಲು" ಅಂದಳು. ಕೆಲವು ವಿಷಯಗಳಿಗೆ ಮಾತ್ರ ಗುರಿಯನ್ನು ಅಲ್ಲಿ ಹೇಳಿ, ದಾರಿಯನ್ನು ನಮ್ಮವರಿಗೆ ಬಿಡುತ್ತಾರಂತೆ. ಆಗ ರಿಗಾದಲ್ಲಿ ಬೇರೆ ಕಾನೂನು ಮಾಡಬೇಕಂತೆ. ನಮ್ಮ ಮೀನಿನ ಹಣೆಯಲ್ಲಿ ಅದು ಬರೆದಿರಲಿಲ್ಲ.

ನೀನೂ ಅವತ್ತು ಫೋನಿನಲ್ಲಿ ಅದನ್ನೇ ಹೇಳಿದೆ. "ಈ ಮಿತಿ ಹಾಕಿದ ಸಮಿತಿಯಲ್ಲಿ ಎಲ್ಲಾ ದೇಶದೋರೂ ಇರ್ತಾರಮ್ಮ, ನಮ್ಮೋರೂ ಇದ್ರು." ಇದ್ದರೆ ಏನು ಮಾಡುತ್ತಿದ್ದರು? ಕಾಫಿ ಕುಡಿಯುತ್ತಿದ್ದರಾ? ಮಾಸ್ಕೋದಿಂದ ಹುಕುಂ ಬರುತ್ತಿದ್ದ ಕಾಲದಲ್ಲಿ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಲಿ ಎಂಬ ಆಸೆಯೂ ನಮಗಿರಲಿಲ್ಲ. ಈಗ ನಾನೇ ಒಳ್ಳೆಯ ಉಡುಪು ಹಾಕಿಕೊಂಡು ಹೋಗಿ ಒಕ್ಕೂಟಕ್ಕೆ ಸೇರೋಣವೆಂದು ಮತ ಹಾಕಿ ಬಂದವಳು. ಪಕ್ಕದ ಮನೆಯ ಮಿಲ್ದಾ ಬೇಲಿಯ ಮೇಲಿಂದ ಕತ್ತು ಹಾಕಿ, "ಏನ್ರೀ ಜಿದ್ರಾ, ನೀವೇ ಆರಿಸಿ ತಂದ ಅತ್ತೆ, ಈಗ ಸೊಸೆತನ ಮಾಡಿ" ಅನ್ನುತ್ತಾಳೆ.

ಹೊಟ್ಟೆ ಉರಿಸುವ ಭಾಗ ಇನ್ನು ಮುಂದಿದೆ. ಬ್ರಸೆಲ್ಸ್‌ನವರೇ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ ಹೊಗೆ ಹಾಕುವ ಸಣ್ಣವರಿಗೆ, ನಮ್ಮ ದೇಶದೊಳಗೆ ಮಾತ್ರ ಮಾರುವುದಾದರೆ, ಸದ್ಯಕ್ಕೆ ಹಳೆಯ ಮಿತಿಯೇ ಸಾಕು. ನಮ್ಮದು ನಿಮ್ಮ ಮುತ್ತಜ್ಜನ ಕಾಲದ ಹೊಗೆಮನೆ, ಆಲ್ಡರ್ ಕಟ್ಟಿಗೆ ಬಿಟ್ಟರೆ ಬೇರೆ ಸೌದೆ ಕಂಡಿಲ್ಲ. ಅಗ್ರಿತಾ ಬಂದು ಕಣ್ಣಿಂದ ನೋಡಿ ಬರೆದುಕೊಂಡು ಹೋಗಬೇಕು, ಅಷ್ಟೇ. ಆದರೆ ಸರ್ಕಾರದವರು ಬರುತ್ತಾರೆಂದರೆ ನಮ್ಮ ಕಡೆಯ ಗಂಡಸರು ಏನು ಮಾಡುತ್ತಾರೆ? ಸುಣ್ಣ ಬಳಿಯುತ್ತಾರೆ! ಮಾಸ್ಕೋ ಹುಕುಮಿನ ಸಾಮೂಹಿಕ ಮೀನುಗಾರಿಕೆಯ ಕಾಲದಿಂದ ಕೈಗೆ ಅಂಟಿದ ಚಾಳಿ. ನಾನು ರಿಗಾಕ್ಕೆ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಂದು ನೋಡುತ್ತೇನೆ, ನಿಮ್ಮಪ್ಪ ತಲೆತಲಾಂತರದ ಹೊಗೆಮಸಿಯನ್ನೆಲ್ಲ ಕೆರೆದು ಗೋಡೆಗೆ ಸುಣ್ಣ ಬಳಿದಿದ್ದಾರೆ, ನೆಲಕ್ಕೆ ಟೈಲ್ಸ್ ಹಾಕಿಸಿದ್ದಾರೆ, ಆಲ್ಡರ್ ಕಟ್ಟಿಗೆಯನ್ನು ದೋಣಿಯ ಕೆಳಗೆ ಬಚ್ಚಿಟ್ಟಿದ್ದಾರೆ. ಅಗ್ರಿತಾ ಬಂದಾಗ ಎದೆ ಉಬ್ಬಿಸಿ, "ನೋಡಮ್ಮಾ, ಹಳೇದು ಅಂತ ಒಂದೂ ಇಲ್ಲ, ಎಲ್ಲಾ ಯೂರೋಪಿನ ಥರಾನೇ" ಅಂದಿದ್ದಾರೆ. ಆ ಹುಡುಗಿ ಪಾಪ, ಎರಡು ಸಲ ಕೇಳಿದಳಂತೆ. "ನಿಜವಾಗ್ಲೂ ಹಳೇದು ಏನೂ ಇಲ್ವಾ ಯಜಮಾನ್ರೇ?" ಇಲ್ಲವೇ ಇಲ್ಲ ಅಂದರಂತೆ. ಅವಳು ಹಾಗೇ ಬರೆದುಕೊಂಡು ಹೋದಳು. ರಿಯಾಯಿತಿಯೂ ಅವಳ ಹಿಂದೆಯೇ ಹೋಯಿತು.

ನಾನು ಬಸ್ಸು ಹತ್ತಿ ಅವಳ ಕಚೇರಿಗೆ ಹೋಗಿ ಜಗಳವಾಡಿದೆ, ಕಣ್ಣೀರಿಟ್ಟೆ, ಕೊನೆಗೆ ಅವಳೇ ಚಹಾ ಕೊಟ್ಟಳು. ಹದಿನೈದನೇ ತಾರೀಖು ಸೋಮವಾರ ಮತ್ತೆ ಬರುತ್ತಾಳೆ. ನಿಮ್ಮಪ್ಪ ಹಳೆಯ ಪದ್ಧತಿಯೇ ನಮ್ಮದು ಅಂತ ಒಂದು ಸಹಿ ಹಾಕಿದರೆ ನಡುಬೇಸಿಗೆಯ ಯಾನಿ ಹಬ್ಬದ ಹೊತ್ತಿಗೆ ಅಂಗಡಿ ತೆಗೆಯಬಹುದು. ಊರೂರಿನಿಂದ ಜನ ಮೀನಿಗೆ ಬರುವುದು ಆಗಲೇ ತಾನೆ? ಈ ಬೇಸಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವ ವಯಸ್ಸು ನಮಗೆ ಉಳಿದಿಲ್ಲ. ಅವರು ಸಹಿಗೆ ಒಪ್ಪುತ್ತಿಲ್ಲ. "ಜರ್ಮನಿಯೋರು ತಿನ್ಬಾರ್ದು, ನಮ್ಮೋರು ತಿಂದ್ರೆ ಪರವಾಗಿಲ್ಲ ಅಂತ ಬರ್ಕೊಡ್ಲಾ?" ಅಂದವರು ಆಮೇಲೆ ತುಟಿ ಬಿಚ್ಚಿಲ್ಲ. ದಿನವಿಡೀ ದೋಣಿಯ ಮೇಲೆ ಕೂತಿರುತ್ತಾರೆ. ನಿಮ್ಮ ಬ್ರಸೆಲ್ಸ್ ಮೇಲೆ ಕೋಪ, ಗೋಣು ಆಡಿಸಿ ಬಂದ ನಮ್ಮವರ ಮೇಲೆ ಕೋಪ, ಈ ಮನುಷ್ಯನ ಮೇಲಂತೂ ಹೇಳತೀರದಷ್ಟು. ಯಾರ ಮೇಲೆ ಕೂಗಾಡಲಿ ಹೇಳು? ಒಬ್ಬರು ದೂರ, ಒಬ್ಬರು ಮೂಕ.

ಹಬ್ಬಕ್ಕೆ ಶಾಜೀರಿಗೆ ಹಾಕಿದ ಚೀಸ್ ಮಾಡಿ ನಿನ್ನ ಪಾಲು ಕಳಿಸುತ್ತೇನೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು. ದೇವರು ನಿಮ್ಮನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಮ್ಮ,
ಜಿದ್ರಾ

ಮ.ಬಿ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿಮ್ಮಪ್ಪ ಈಗಷ್ಟೇ ಬಾಯಿ ಬಿಟ್ಟರು. ಹೋದ ಬೇಸಿಗೆಯಲ್ಲಿ ಬಂದಿದ್ದಾಗ ನೀನು ಮೀನಿನ ತೊಗಲು ಸುಲಿದು, ಹೊಗೆ ಹಿಡಿದ ಅಂಚನ್ನೆಲ್ಲ ಕತ್ತರಿಸಿ ಬಿಸಾಡಿ, ಒಳಗಿನ ಬಿಳಿಯನ್ನಷ್ಟೇ ಪುಟ್ಟಿಗೆ ತಿನ್ನಿಸಿದೆಯಂತೆ. ಅವರು ಕಿಟಕಿಯಿಂದ ನೋಡಿದರಂತೆ. "ಅವಳಿಗೆ ಗೊತ್ತಿತ್ತು ಕಣೇ, ನನಗೆ ಹೇಳ್ಲಿಲ್ಲ" ಅಂದರು. ಆ ಸೋಮವಾರದೊಳಗೆ ಅವರಿಗೆ ಫೋನ್ ಮಾಡು. ಕಾನೂನು ಏನು ಹೇಳುತ್ತದೆ ಅಂತ ಹೇಳಬೇಡ. ನಮ್ಮ ಮೀನನ್ನು ಮಗುವಿಗೆ ಕೊಡಬಹುದಾ, ಕೊಡಬಾರದಾ, ಅದನ್ನು ಹೇಳು. ಕೊಡಬಾರದು ಅಂದರೆ ಬೆಂಕಿಯನ್ನು ನಾವೇ ಆರಿಸುತ್ತೇವೆ.